ಸಹಾಯ ಬೇಕು: ಮೆಡುಲ್ಲೊಬ್ಲಾಸ್ಟೊಮಾ ಗಡ್ಡೆಯ ಆಣ್ವಿಕ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳಿಗೆ ಎಂಟು ವರ್ಷ. ಕಿರುಮೆದುಳಿನ ಗಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದಾರೆ. ಬಯಾಪ್ಸಿ ವರದಿಯಲ್ಲಿ ಮೆಡುಲ್ಲೊಬ್ಲಾಸ್ಟೊಮಾ (ಕಿರುಮೆದುಳಿನ ಒಂದು ಕ್ಯಾನ್ಸರ್) ಎಂದಿದೆ, ಆದರೆ ಅದು ಯಾವ ಆಣ್ವಿಕ ಗುಂಪಿನದು, ಅಂದರೆ ಗಡ್ಡೆಯ ಜೀನ್‌ಗಳ ಆಧಾರದ ಮೇಲೆ ಯಾವ ಬಗೆಯದು, ಎಂದು ಬರೆದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಈ ಗುಂಪುಗಳನ್ನು ತನ್ನ ವರ್ಗೀಕರಣಕ್ಕೆ ಸೇರಿಸಿದೆ. ಡಬ್ಲ್ಯುಎನ್‌ಟಿ ಎಂಬ ಗುಂಪಿನ ಮಕ್ಕಳಲ್ಲಿ ಚಿಕಿತ್ಸೆಯ ನಂತರ ಐದು ವರ್ಷ ದಾಟುವವರು ಶೇ. 90ಕ್ಕಿಂತ ಹೆಚ್ಚು. 'ಮೂರನೇ ಗುಂಪು' (ಗ್ರೂಪ್ 3) ಎಂದೇ ಹೆಸರಿರುವ ಗುಂಪಿನಲ್ಲಿ ಎಂವೈಸಿ ಎಂಬ ಜೀನಿನ ಪ್ರತಿಗಳು ಹೆಚ್ಚಾಗಿದ್ದರೆ ಅಪಾಯ ಬಹಳ. ಎಸ್‌ಎಚ್‌ಎಚ್ ಎಂಬ ಗುಂಪಿನಲ್ಲಿ ಟಿಪಿ53 ಎಂಬ ಜೀನ್ ಕೆಟ್ಟಿದ್ದರೂ ಹಾಗೆಯೇ; ಅದು ಹುಟ್ಟಿನಿಂದ ಬಂದ ದೋಷವೂ ಆಗಿರಬಹುದು, ಆಗ ಅವಳ ತಮ್ಮನನ್ನೂ ಪರೀಕ್ಷಿಸಬೇಕಾಗುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಇರುವಾಗ ಗುಂಪು ತಿಳಿಯದೆ ಮುಂದುವರಿಯಲು ನಮಗೆ ಮನಸ್ಸಾಗುತ್ತಿಲ್ಲ.

ವಿಕಿರಣ ಚಿಕಿತ್ಸೆ ಕೆಲವೇ ವಾರಗಳಲ್ಲಿ ಶುರುವಾಗಬೇಕು, ಅದನ್ನು ತಡಮಾಡುವಂತಿಲ್ಲ. ಹೊರಗಿನ ಆಸ್ಪತ್ರೆಯ ಪ್ಯಾರಾಫಿನ್ ಬ್ಲಾಕ್ (ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಮಾದರಿ) ಪಡೆದು ಈ ಪರೀಕ್ಷೆ ಮಾಡುವ ಪ್ರಯೋಗಾಲಯ ಬೆಂಗಳೂರಿನಲ್ಲಿ ಇದೆಯೇ? ಅಥವಾ ಮುಂಬೈಗೇ ಕಳುಹಿಸಬೇಕೇ? ಬ್ಲಾಕ್ ಪೂರ್ತಿ ಕೊಡಬೇಕೇ, ಸ್ಲೈಡ್‌ಗಳು ಸಾಕೇ? ವರದಿಗೆ ಎಷ್ಟು ದಿನ, ಖರ್ಚು ಎಷ್ಟು? ಮಗುವಿಗೆ ಇದನ್ನು ಮಾಡಿಸಿದ ಪೋಷಕರು, ರೋಗಶಾಸ್ತ್ರ ವಿಭಾಗದ ವೈದ್ಯರು ಯಾರಾದರೂ ಇದ್ದರೆ ದಯವಿಟ್ಟು ಇಂದೇ ತಿಳಿಸಿ.