ಅಪ್‌ಡೇಟ್: ಮಗಳಿಗೆ ಈಗ ನಿದ್ದೆ ಬರುತ್ತಿದೆ

ಹತ್ತನೇ ತರಗತಿಯ ಮಗಳಿಗೆ ರಾತ್ರಿ ಒಂದಾದರೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ, ಊಟ-ತಿಂಡಿಯಲ್ಲಿ ಏನು ಬದಲಿಸಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಫಲ ಕೊಟ್ಟದ್ದು ಸಂಜೆಯ ಕಾಫಿ ಬಿಡಿಸಿ ಎಂಬ ಸಲಹೆ. ಜಯನಗರದಲ್ಲಿ ಟ್ಯೂಷನ್ ಮುಗಿಸಿ, ಏಳು ಗಂಟೆಗೆ ಗೆಳತಿಯರೊಂದಿಗೆ ಫಿಲ್ಟರ್ ಕಾಫಿ ಕುಡಿಯುವುದು ಅವಳ ರೂಢಿಯಾಗಿತ್ತು. ಕಾಫಿಯಲ್ಲಿರುವ, ನಿದ್ದೆಗೆಡಿಸುವ ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು. ಅಂದರೆ ನಡುರಾತ್ರಿಯಲ್ಲೂ ಅರ್ಧ ಲೋಟ ಕಾಫಿ ಕುಡಿದಂತೆಯೇ! ಕೋಲಾ, ಚಾಕೊಲೇಟ್‌ಗಳಲ್ಲೂ ಕೆಫೀನ್ ಇರುತ್ತದೆ ಎಂಬುದನ್ನು ಗಮನಿಸಿ. ಈಗ ಸಂಜೆ ಮಜ್ಜಿಗೆ ಅಥವಾ ಎಳನೀರು. ಗೆಳತಿಯರ ಜೊತೆಗಿನ ಹರಟೆಗೆ ಅಡ್ಡಿಯಿಲ್ಲ.

ರಾತ್ರಿಯ ಊಟವನ್ನು ಹತ್ತೂವರೆಯಿಂದ ಎಂಟೂವರೆಗೆ ತಂದೆವು. ಮಲಗಿದಾಗ ಕಾಡುತ್ತಿದ್ದ ಎದೆಯುರಿ ನಿಂತಿತು.

ಅರಿಶಿನದ ಹಾಲು, ಬಾಳೆಹಣ್ಣಿನಿಂದ ನಮ್ಮಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ.

ನನಗೆ ಅಚ್ಚರಿ ತಂದದ್ದು ಮಕ್ಕಳ ವೈದ್ಯರ ಮಾತು. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಸ್ರವಿಸುವ ಹೊತ್ತೇ ತಡವಾಗುತ್ತದೆಯಂತೆ. ಆದ್ದರಿಂದ ದಯವಿಟ್ಟು ಮಕ್ಕಳನ್ನು ಸೋಮಾರಿಗಳೆಂದು ಬೈಯಬೇಡಿ. ಅವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಇವಳು ಹನ್ನೊಂದರೊಳಗೆ ಮಲಗುತ್ತಿದ್ದಾಳೆ, ಆದರೆ ಶಾಲೆಯ ಬಸ್ ಬೇಗ ಬರುವುದರಿಂದ 8 ಗಂಟೆ ಇನ್ನೂ ತುಂಬುತ್ತಿಲ್ಲ.