ಬಳ್ಳಿ ಮುಟ್ಟಬಾರದು ಅಂತ ನನಗೆ ಹೇಳಿಕೊಟ್ಟವರು ಯಾರು?

ಹೊಸನಗರದ ತೋಟದವಳು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಬೆಂಗಳೂರು ಬಿಟ್ಟು ಊರಿಗೆ ಬಂದು ಮನೆ ತೋಟ ನೋಡಿಕೊಳ್ಳುತ್ತಿದ್ದೇನೆ. ಹದಿನೈದು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಮನೆಯಲ್ಲಿ ಕೇಳುವ ಹಾಗಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಈ ಮಳೆಗಾಲ ನಮ್ಮ ಕೆಳಗಿನ ತೋಟದಲ್ಲಿ ಹನ್ನೊಂದು ಮೆಣಸಿನ ಬಳ್ಳಿ ಹೋದವು. ಮೊದಲು ಎಲೆ ಮೇಲೆ ಕಪ್ಪು ಚುಕ್ಕೆ ಬಂತು. ಆಮೇಲೆ ನೋಡ್ತಾ ನೋಡ್ತಾ ಎಲೆ ಉದುರಿ, ಬಳ್ಳಿ ಗೆಣ್ಣು ಗೆಣ್ಣಾಗಿ ಕಳಚಿ ಬಿತ್ತು. ಬುಡ ಕೆರೆದರೆ ಕಪ್ಪಗೆ ಕೊಳೆತಿತ್ತು. ಸೊರಗು ರೋಗ ಅಂತ ನನಗೆ ಗೊತ್ತು. ಅಲ್ಲಿ ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತಿತ್ತು, ಅದೂ ಗೊತ್ತು. ಆದರೆ ಅಜ್ಜಿ ಜಗಲಿಯಲ್ಲಿ ಕೂತು ಒಂದೇ ಮಾತು ಕೇಳಿದರು. "ಕೂಸೇ, ಹೊರಗಿದ್ದಾಗ ತೋಟಕ್ಕೆ ಇಳಿದಿದ್ಯಾ?"

ಇಳಿದಿದ್ದೆ. ಜುಲೈನಲ್ಲಿ ಮುಟ್ಟಿನ ದಿನಗಳಲ್ಲೇ ಬಳ್ಳಿಯನ್ನು ಮರಕ್ಕೆ ಕಟ್ಟಿದ್ದೆ. "ಇಲ್ಲಜ್ಜಿ" ಅಂದುಬಿಟ್ಟೆ. ಸುಳ್ಳು ಹೇಳಿದ್ದಕ್ಕೆ ಬೇಜಾರಿದೆ, ಆದರೆ ಅದಕ್ಕಿಂತ ಜಾಸ್ತಿ ಕಾಡುತ್ತಿರುವುದು ಬೇರೆ. ಅವರು ಕೇಳಿದ ಕೂಡಲೇ ನನ್ನ ಎದೆ ಝಲ್ ಅಂತು. ಬಿಎಸ್ಸಿ ಓದಿದವಳು ನಾನು, ಕಾರಣ ಕಣ್ಣೆದುರಿಗೇ ಇತ್ತು, ಆದರೂ ಒಂದು ಕ್ಷಣ ನನ್ನಿಂದಲೇ ಹೋಯ್ತೇನೋ ಅನ್ನಿಸಿತು. ಹೋದ ವಾರ ಮತ್ತೆ ಆ ದಿನಗಳು ಬಂದಾಗ ತೋಟದ ಉಣುಗೋಲಿನ ಹತ್ತಿರ ನಿಂತುಬಿಟ್ಟೆ. ಸರಿಸಿ ಒಳಗೆ ಹೋಗಲು ಕೈ ಬರಲಿಲ್ಲ.

ಯಾರೂ ನನ್ನನ್ನು ಕೂರಿಸಿಕೊಂಡು ಇದನ್ನು ಕಲಿಸಿಲ್ಲ. ಹಾಗಾದರೆ ಇದು ನನ್ನೊಳಗೆ ಬಂದಿದ್ದು ಎಲ್ಲಿಂದ? ಇದು ನನ್ನ ನಂಬಿಕೆಯಾ, ಅಜ್ಜಿಯದಾ? ಇಂಥದ್ದನ್ನು ಕೆದಕಬೇಕಾ, ಸುಮ್ನೆ ಬಿಟ್ಟುಬಿಡಬೇಕಾ? ಅಜ್ಜಿಗೆ ಎಂಬತ್ತಾರು ವರ್ಷ. ಅವರನ್ನು ನೋಯಿಸಲು ಇಷ್ಟವಿಲ್ಲ.

ತೀರ್ಥಹಳ್ಳಿ ಅಡಿಕೆ

ತಂಗೀ, ಮೊದಲು ಆ ಬಸಿಗಾಲುವೆ ಬಿಡಿಸು. ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ತೋಟದ ಹೊರಗೆ ಸುಡು, ಗೊಬ್ಬರಗುಂಡಿಗೆ ಮಾತ್ರ ಹಾಕಬೇಡ. ಉಳಿದ ಬಳ್ಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲೆಸಿದ ಔಷಧಿ) ಹೊಡೆಸು. ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

ನಮ್ಮ ಅಪ್ಪ ಈ ಬೋರ್ಡೋ ಔಷಧಿ ಕಲೆಸುವುದನ್ನು ಚಿಕ್ಕವನಿದ್ದಾಗ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ತೂಗಿಯೇ ಹಾಕುತ್ತಿದ್ದರು. ಆದರೂ ಪ್ರತಿ ಡ್ರಮ್ಮಿಗೂ ಉಜ್ಜಿ ತೊಳೆದ ಕತ್ತಿಯನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದರು. ಕತ್ತಿಗೆ ಕೆಂಪಗೆ ತಾಮ್ರ ಹತ್ತಿದ್ದರೆ ಸುಣ್ಣ ಸಾಲದು ಅಂತ, ಮತ್ತೆ ಹಾಕಬೇಕು. ಇಲ್ಲದಿದ್ದರೆ ಔಷಧಿಯೇ ಗಿಡವನ್ನು ಸುಡುತ್ತದೆ. ತೂಗಿ ಹಾಕಿದ್ದಲ್ವಾ, ಮತ್ತೆ ಯಾಕೆ ನೋಡಬೇಕು ಅಂತ ಕೇಳಿದರೆ "ಸುಣ್ಣ ಹಳೇದಿದ್ರೆ?" ಅನ್ನುತ್ತಿದ್ದರು. ಅದೇ ಅಪ್ಪ, ಅಡಿಕೆಗೆ ಕೊಳೆರೋಗ ಬಂದು ಕಾಯಿ ಉದುರಿದ ವರ್ಷ ಭೂತಕ್ಕೆ ಕೊಡುವುದರಲ್ಲಿ ಏನೋ ಕಡಿಮೆ ಆಯಿತು ಅಂತ ಕೊರಗುತ್ತಿದ್ದರು. ಅಲ್ಲಿ ಕತ್ತಿ ಅದ್ದಿ ನೋಡಲೇ ಇಲ್ಲ. ಅಪ್ಪ ದಡ್ಡರಲ್ಲ. ಒಂದನ್ನು ಪರೀಕ್ಷೆ ಮಾಡಬಹುದು ಅಂತ ಅವರಿಗೆ ಯಾರೋ ತೋರಿಸಿಕೊಟ್ಟಿದ್ದರು, ಇನ್ನೊಂದನ್ನು ತೋರಿಸಿರಲಿಲ್ಲ.

ಹಾಗಂತ ಹಳೆಯದೆಲ್ಲ ಸುಳ್ಳು ಅನ್ನಬೇಡ. ಬೋರ್ಡೋ ಫ್ರಾನ್ಸಿನ ದ್ರಾಕ್ಷಿ ತೋಟಕ್ಕಾಗಿ ಹುಟ್ಟಿದ್ದು. ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದಿದ್ದ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗದ ಮೂಲ ಹುಡುಕಿ 1910ರಲ್ಲಿ ಬರೆದರು. ಅದಕ್ಕೂ ಮುಂಚೆಯೇ ನಮ್ಮವರು ಅಡಿಕೆ ಕೊನೆಗೆ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಫೈಟೊಫ್ತೊರಾ ಅನ್ನುವ ರೋಗಾಣುವಿನ ಹೆಸರೇ ಅವರಿಗೆ ಗೊತ್ತಿರಲಿಲ್ಲ, ಆದರೆ ಮಳೆನೀರು ಕಾಯಿಗೆ ತಾಗದಿದ್ದರೆ ಕೊಳೆ ಬರುವುದಿಲ್ಲ ಅಂತ ನೋಡಿ ತಿಳಿದುಕೊಂಡಿದ್ದರು. ನಿನ್ನ ಬಳ್ಳಿ ತಿಂದಿದ್ದೂ ಅದೇ ಜಾತಿಯ ರೋಗಾಣು. ನಿಂತ ನೀರು ಸಿಕ್ಕರೆ ಅದರ ಬೀಜಕಣ ಈಜಿಕೊಂಡು ಹೋಗುತ್ತದೆ.

ಈಗ ನೀನು ಒಂದು ಕೆಲಸ ಮಾಡು. ಆ ದಿನ ಎಷ್ಟು ಬಳ್ಳಿ ಕಟ್ಟಿದೆ? ಅದರಲ್ಲಿ ಎಷ್ಟು ಬದುಕಿವೆ? ನೀನು ಮುಟ್ಟದ ಬಳ್ಳಿ ಎಷ್ಟು ಸತ್ತಿವೆ? ತೋಟಕ್ಕೆ ಇಳಿದು ಲೆಕ್ಕ ಹಾಕಿಕೊಂಡು ಬಾ.

ಸೊರಬದವನು

ಅಣ್ಣ ಹೇಳಿದ್ದು ಸರಿ, ಆದರೆ ಎಲ್ಲವನ್ನೂ ಹೀಗೆ ಅದ್ದಿ ನೋಡೋಕಾಗಲ್ಲ. ಕ್ಯಾಸನೂರು ನಮ್ಮ ತಾಲ್ಲೂಕು. 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಾಗಿದ್ದು ಅಲ್ಲೇ. ಮಂಗ ಸತ್ತು ಬಿದ್ದ ಕಾಡಿಗೆ ಸೊಪ್ಪಿಗೆ ಹೋಗಬೇಡ ಅಂತ ಅಮ್ಮ ಗದರುತ್ತಿದ್ದರು. ಉಣುಗಿನಿಂದ ಹರಡುತ್ತದೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಆವತ್ತು ಸಾಕ್ಷಿ ಕೊಡು ಅಂತ ಅಮ್ಮನ ಹತ್ತಿರ ಜಗಳಕ್ಕೆ ನಿಂತಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಮನುಷ್ಯ ಮುಕ್ಕಾಲು ಪಾಲು ಬದುಕುವುದೇ ಯಾರದೋ ಮಾತು ನಂಬಿ. ಎಂಬತ್ತಾರರ ಅಜ್ಜಿಯನ್ನು ಈಗ ತಿದ್ದಿ ಏನು ಸಿಗುತ್ತದೆ? ನೀವು ನಂಬಬೇಡಿ, ಅವರ ಎದುರಿಗೆ ಮಾತ್ರ ಸುಮ್ನಿರಿ. ನನಗನ್ನಿಸಿದ್ದು ಇಷ್ಟು.

ಸಾಗರದ ಅಕ್ಕ

ಸೊರಬದ ತಮ್ಮಾ, ನಿನ್ನ ಅಮ್ಮ ಹೇಳಿದ್ದು ಗಂಡಸಿಗೂ ಹೆಂಗಸಿಗೂ ಒಂದೇ. ಸತ್ತ ಮಂಗ ಅಂತೂ ಕಣ್ಣಿಗೆ ಕಾಣುತ್ತದೆ. ಈ ಮಾತು ಹಾಗಲ್ಲ. ಇದರಲ್ಲಿ ಪ್ರತಿಸಲ ತಪ್ಪು ಹೊರುವುದು ಒಬ್ಬಳೇ. ಯಾವುದಾದರೂ ನಂಬಿಕೆಯನ್ನು ಕೆದಕಬೇಕಾ ಬೇಡವಾ ಅಂತ ತಿಳಿಯದಿದ್ದಾಗ, ಇದರ ಭಾರ ಯಾರ ತಲೆ ಮೇಲಿದೆ ಅಂತ ನಾನು ಮೊದಲು ನೋಡುತ್ತೇನೆ.

ನಾನು ಹದಿಮೂರು ವರ್ಷದವಳಿದ್ದಾಗಿನಿಂದ ನನಗೆ ಅಂತ ಒಂದು ಸ್ಟೀಲ್ ಲೋಟ ಇತ್ತು, ತಳಕ್ಕೆ ಕೆಂಪು ಪೇಂಟಿನ ಚುಕ್ಕೆ. ಉಳಿದ ಲೋಟಗಳ ಜೊತೆ ಬೆರೆಯಬಾರದು ಅಂತ ಗುರುತು. ಆ ಮೂರು ದಿನ ಹಿಂದಿನ ಜಗಲಿಯಲ್ಲಿ ಚಾಪೆ. ಹೆಂಗಸರಿಗೆ ವಿಶ್ರಾಂತಿ ಸಿಗಲಿ ಅಂತ ಹಿರಿಯರು ಮಾಡಿದ್ದು ಅಂತ ಯಾರಾದರೂ ಇಲ್ಲಿ ಬರೆಯುವ ಮುಂಚೆ ಹೇಳಿಬಿಡುತ್ತೇನೆ, ಆ ಮೂರು ದಿನವೂ ಅಂಗಳ ಗುಡಿಸಿದ್ದೇನೆ, ಕೊಟ್ಟಿಗೆಗೆ ಸೊಪ್ಪು ಹಾಕಿದ್ದೇನೆ, ಮನೆಮಂದಿಯ ಕಂಬಳಿ ಒಗೆದಿದ್ದೇನೆ. ಮದುವೆಯಾಗಿ ಬರುವಾಗ ಆ ಲೋಟ ಅಲ್ಲೇ ಬಿಟ್ಟು ಬಂದೆ. ಈಗಲೂ ತವರಿಗೆ ಹೋದರೆ ನೀರು ಕುಡಿಯುವ ಮುಂಚೆ ಲೋಟದ ತಳ ನೋಡುತ್ತೇನೆ. ನನಗೆ ಐವತ್ತೊಂದು ವರ್ಷ.

ಹೊಸನಗರದ ತಂಗೀ, ನಿನಗೆ ಎದೆ ಝಲ್ ಅಂದಿದ್ದು ಯಾಕೆ ಅಂತ ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ನೀನು ಸುಮ್ಮನಾದರೆ ಮುಂದಿನ ಸಲ ಬಳ್ಳಿ ಸತ್ತಾಗ ತೋಟದ ಕೆಲಸಕ್ಕೆ ಬರುವ ಹೆಂಗಸರನ್ನು ಇದೇ ಪ್ರಶ್ನೆ ಕೇಳುತ್ತಾರೆ.

ಶಿವಮೊಗ್ಗ ಮನಶ್ಶಾಸ್ತ್ರ

ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಎಲ್ಲಿಂದ ಬಂತು ಅನ್ನುವುದಕ್ಕೆ ಮಾತ್ರ ಉತ್ತರಿಸುತ್ತೇನೆ. 1977ರಲ್ಲಿ ಅಮೆರಿಕದಲ್ಲಿ ಹ್ಯಾಷರ್, ಗೋಲ್ಡ್‌ಸ್ಟೀನ್, ಟೊಪಿನೊ ಅನ್ನುವ ಮೂವರು ವಿದ್ಯಾರ್ಥಿಗಳಿಗೆ ಕೆಲವು ಹೇಳಿಕೆಗಳನ್ನು ಎರಡೆರಡು ವಾರ ಬಿಟ್ಟು ಮೂರು ಸಲ ಕೇಳಿಸಿದರು. ಪ್ರತಿ ಸಲವೂ ಬಂದ ಹೇಳಿಕೆಗಳು ನಿಜವಿರಲಿ ಸುಳ್ಳಿರಲಿ, ಕೇಳಿದವರಿಗೆ ಬರಬರುತ್ತಾ ಹೆಚ್ಚು ನಿಜ ಅನ್ನಿಸತೊಡಗಿದವು. ಮೂರೇ ಸಲಕ್ಕೆ ಹೀಗೆ. ನೀವು ಇದನ್ನು ಕೇಳಿದ್ದು ಹುಟ್ಟಿದಾಗಿನಿಂದ, ಅದೂ ಊಟ ಹಾಕಿದವರ ಬಾಯಿಂದ. ಕೆಲವು ಸಲ ಮಾತೂ ಬೇಕಾಗಿಲ್ಲ, ಅಮ್ಮ ಉಣುಗೋಲಿನಿಂದ ಹಿಂದೆ ಸರಿದಿದ್ದನ್ನು ನೋಡಿದರೂ ಸಾಕು. ಅದಕ್ಕೆ ಯಾರೂ ಕಲಿಸಿದ ನೆನಪಿಲ್ಲ ನಿಮಗೆ. ಓದಿದ್ದು ಗೊತ್ತಿದ್ದರೂ ಹೆದರಿಕೆ ಬೇಗ ಹೋಗುವುದಿಲ್ಲ. ಹೆದರಿಕೆ ಇರುವಾಗಲೇ ಹೋಗಿ ಕೆಲಸ ಮಾಡಿ, ಏನೂ ಆಗದ್ದನ್ನು ಮತ್ತೆ ಮತ್ತೆ ಕಂಡರೆ ನಿಧಾನಕ್ಕೆ ಕಡಿಮೆಯಾಗುತ್ತದೆ.

ಹೊಸನಗರದ ತೋಟದವಳು

ಎಲ್ಲರಿಗೂ ತುಂಬಾ ಧನ್ಯವಾದ. ತೀರ್ಥಹಳ್ಳಿ ಅಣ್ಣ ಹೇಳಿದ ಹಾಗೆ ಲೆಕ್ಕ ಹಾಕಿದೆ. ಆ ದಿನ ಮೂವತ್ನಾಲ್ಕು ಬಳ್ಳಿ ಕಟ್ಟಿದ್ದೆ, ಮೂವತ್ತು ಹಸಿರಾಗಿವೆ. ಸತ್ತ ಹನ್ನೊಂದರಲ್ಲಿ ಏಳನ್ನು ನಾನು ಮುಟ್ಟಿಯೇ ಇರಲಿಲ್ಲ. ಹನ್ನೊಂದೂ ನೀರು ನಿಂತ ಸಾಲಿನಲ್ಲೇ ಇದ್ದವು.

ನಿನ್ನೆ ರಾತ್ರಿ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತು, ಆವತ್ತು ಸುಳ್ಳು ಹೇಳಿದೆ ಅಂದೆ. ಲೆಕ್ಕವನ್ನೂ ಹೇಳಿದೆ. ಬೈಯಲಿಲ್ಲ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ನಂಗೆ ಅತ್ತೆ ಹೇಳಿದ್ದು. ಅವರಿಗೆ ಯಾರು ಹೇಳಿದ್ರೋ, ನಾ ಕೇಳ್ಲಿಲ್ಲ" ಅಂದರು. ಒಪ್ಪಿದರು ಅಂತ ನಾನು ಹೇಳುವುದಿಲ್ಲ. ಏಳುವಾಗ ಮಾತ್ರ, ಆ ಏಳು ಯಾವ ಸಾಲಿನವು ಅಂತ ಇನ್ನೊಂದು ಸಲ ಕೇಳಿದರು.

ಮುಂದಿನ ಸಲ ಆ ದಿನಗಳು ಬಂದಾಗ ತೋಟಕ್ಕೆ ಹೋಗುತ್ತೇನೆ. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ. ಬಸಿಗಾಲುವೆ ಬಿಡಿಸಲು ನಾಳೆ ಆಳುಗಳು ಬರುತ್ತಾರೆ. ಅಣ್ಣಾ, ಬೋರ್ಡೋ ಹೊಡೆದ ಮೇಲೆ ಬುಡಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ) ಹಾಕಲು ಎಷ್ಟು ದಿನ ಬಿಡಬೇಕು?