ಟಾಕ್ಸಿನ್ ವೇರಿಯಂಟ್‌ಗೆ ರೂಪಾಂತರಿ ಸರಿಯಾ, ಬಗೆ/ಒಳಬಗೆ ಸರಿಯಾ?

ಎಲ್ರಿಗೂ ನಮಸ್ಕಾರ. ಫುಡ್ ಪಾಯಿಸನಿಂಗ್ ಮಾಡೋ ಬ್ಯಾಕ್ಟೀರಿಯಾಗಳ ಬಗ್ಗೆ ಕಾಲೇಜು ಮಕ್ಕಳಿಗೆ ಅಂತ ಒಂದು ಬರಹ ಬರೀತಿದೀನಿ, ಅದ್ರಲ್ಲಿ ಟಾಕ್ಸಿನ್ ವೇರಿಯಂಟ್ (ಬ್ಯಾಕ್ಟೀರಿಯಾ ಮಾಡೋ ವಿಷದ ಬೇರೆಬೇರೆ ರೂಪ) ಅನ್ನೋದಕ್ಕೆ ಯಾವ ಪದ ಹಾಕೋದು ಅಂತ ತೀರ್ಮಾನ ಆಗ್ತಿಲ್ಲ.

ಟಾಕ್ಸಿನ್‌ಗೆ ವಿಷ ಅಂತಾನೇ ಇಟ್ಕೊಂಡಿದೀನಿ. ನಂಜು ನಂಗೂ ತುಂಬಾ ಇಷ್ಟದ ಪದ, ಆದ್ರೆ ಗಾಯ ನಂಜಾಯ್ತು ಅಂದ್ರೆ ಜನಕ್ಕೆ ಸೋಂಕು ಅಂತ ಅರ್ಥ ಆಗತ್ತೆ, ಇಲ್ಲಿ ಸೋಂಕು ಬೇರೆ ವಿಷ ಬೇರೆ ಅಂತ ಬಿಡಿಸಿ ಹೇಳೋದೇ ಮುಖ್ಯ. ಸ್ಟಫೈಲೋಕಾಕಸ್ ಆರಿಯಸ್ ಬೆಳೆದಿರೋ ಆಹಾರನ ಕುದಿಸಿದ್ರೆ ಬ್ಯಾಕ್ಟೀರಿಯಾ ಸಾಯತ್ತೆ, ಅದು ಬಿಟ್ಟ ವಿಷ ಮಾತ್ರ ಹಾಗೇ ಉಳಿಯತ್ತೆ, ತಿಂದವ್ರಿಗೆ ವಾಂತಿ ತಪ್ಪಲ್ಲ.

ತೊಡಕಿರೋದು ವೇರಿಯಂಟ್ ಅನ್ನೋ ಕಡೆ. ಕೋವಿಡ್ ಬಂದ್ಮೇಲೆ ಪೇಪರ್‌ಗಳಲ್ಲಿ ರೂಪಾಂತರಿ ಅನ್ನೋದು ಓಡಾಡ್ತಿದೆ, ಅದನ್ನೇ ತಂದು ಇಲ್ಲಿ ಹಾಕೋದು ನಂಗೆ ಒಪ್ಪಿಗೆ ಇಲ್ಲ, ಯಾಕಂದ್ರೆ ರೂಪಾಂತರಿ ಅಂದ ತಕ್ಷಣ ಮೊದ್ಲು ಒಂದು ಮೂಲರೂಪ ಇತ್ತು ಅದು ಬದಲಾಗಿ ಇದಾಯ್ತು ಅನ್ನೋ ಭಾವನೆ ಬರತ್ತೆ. ಬ್ಯಾಸಿಲಸ್ ಸೀರಿಯಸ್ ತಗೊಳ್ಳಿ. ಇದ್ರ ಒಂದು ವಿಷ ಸೆರ್ಯುಲೈಡ್, ಉಂಗುರದ ಥರ ಸುತ್ತಿಕೊಂಡಿರೋ ಪುಟ್ಟ ಅಣು, 121 ಡಿಗ್ರಿ ಸೆಲ್ಸಿಯಸ್ ಬಿಸಿಗೂ ಜಗ್ಗಲ್ಲ, ಆಹಾರದಲ್ಲೇ ತಯಾರಾಗಿ ಕೂತಿರತ್ತೆ, ತಿಂದು ಕೆಲವೇ ಗಂಟೆಗಳಲ್ಲಿ ವಾಂತಿ ಶುರು. ಭೇದಿ ಮಾಡ್ಸೋ ವಿಷಗಳು ದೊಡ್ಡ ಪ್ರೊಟೀನ್‌ಗಳು, ಬಿಸಿಗೆ ಹಾಳಾಗ್ತವೆ, ಬ್ಯಾಕ್ಟೀರಿಯಾ ಕರುಳಿಗೆ ಹೋಗಿ ಅಲ್ಲಿ ತಯಾರು ಮಾಡ್ಬೇಕು, ಹಾಗಾಗಿ ತೊಂದ್ರೆ ಶುರುವಾಗೋದೂ ತಡ. ಇವೆರಡಕ್ಕೂ ಒಂದಕ್ಕೊಂದು ನಂಟೇ ಇಲ್ಲ, ಇವನ್ನ ಒಂದರ ರೂಪಾಂತರ ಇನ್ನೊಂದು ಅಂದ್ರೆ ಪೂರ್ತಿ ತಪ್ಪಾಗತ್ತೆ, ಬೇರೆಬೇರೆ ವಿಷ ಅಂತಾನೇ ಬರೀಬೇಕು.

ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಅನ್ನೋ ಬ್ಯಾಕ್ಟೀರಿಯಾ ಮಾಡೋ ಬಾಟುಲಿನಮ್ ವಿಷದ ಕತೆ ಬೇರೆ. ಎ ಇಂದ ಜಿ ತನಕ ಇರೋ ಇವೆಲ್ಲ ಒಂದೇ ಕುಟುಂಬ, ನರದ ತುದಿಯಲ್ಲಿ ಅಸಿಟೈಲ್‌ಕೋಲೀನ್ (ನರದಿಂದ ಸ್ನಾಯುವಿಗೆ ಸಂದೇಶ ಒಯ್ಯೋ ರಾಸಾಯನಿಕ) ಹೊರಗೆ ಬರದ ಹಾಗೆ ತಡೆಯೋದೇ ಎಲ್ಲದ್ರ ಕೆಲಸ, ಆದ್ರೂ ಎ ಕತ್ತರಿಸೋ ಪ್ರೊಟೀನೇ ಬೇರೆ, ಬಿ ಕತ್ತರಿಸೋದೇ ಬೇರೆ, ಎ ವಿಷಕ್ಕೆ ಮಾಡಿದ ಪ್ರತಿವಿಷ ಬಿ ವಿಷಕ್ಕೆ ಕೆಲಸ ಮಾಡಲ್ಲ. ಇಲ್ಲಿ ಬಗೆ ಅನ್ನೋದು ಚೆನ್ನಾಗಿ ಕೂರತ್ತೆ ಅನ್ಸತ್ತೆ, ಎ ಬಗೆ, ಬಿ ಬಗೆ. ಪ್ರಭೇದ ಬೇಡ, ಅದು ಪಠ್ಯಪುಸ್ತಕದಲ್ಲಿ ಸ್ಪೀಶೀಸ್‌ಗೆ ಆಗ್ಲೇ ಹೋಗ್ಬಿಟ್ಟಿದೆ. ತಳಿ ಅನ್ನೋದೂ ಬ್ಯಾಕ್ಟೀರಿಯಾದ ಸ್ಟ್ರೈನ್‌ಗೆ ಬೇಕು, ವಿಷಕ್ಕೆ ಅಲ್ಲ.

ಆಮೇಲೆ ಎ ಬಗೆ ಒಳಗೇ ಎ1, ಎ2, ಎ3 ಅಂತ ಇದಾವೆ, ಅಮೈನೋ ಆಮ್ಲಗಳ ಸಾಲಿನಲ್ಲಿ ಅಲ್ಲಲ್ಲಿ ವ್ಯತ್ಯಾಸ, ಅದಕ್ಕೆ ಒಳಬಗೆ ಅಂತ ಹಾಕಿದೀನಿ. ಈ ಮಟ್ಟದ ವ್ಯತ್ಯಾಸ ಸಣ್ಣದು ಅಂತ ತಳ್ಳಿಹಾಕೋ ಹಾಗಿಲ್ಲ, ಕೆಲವು ಇ. ಕೋಲಿ ತಳಿಗಳು ಮಾಡೋ ಶಿಗಾ ವಿಷದಲ್ಲಿ 2ಎ ಒಳಬಗೆ ಕಿಡ್ನಿ ಕೆಡಿಸೋದ್ರಲ್ಲಿ ಕುಖ್ಯಾತ, 2011ರಲ್ಲಿ ಜರ್ಮನಿಯಲ್ಲಿ ಅಷ್ಟೊಂದು ಜನಕ್ಕೆ ತೊಂದ್ರೆ ಕೊಟ್ಟ ತಳಿ ಮಾಡ್ತಿದ್ದದ್ದೂ ಅದನ್ನೇ, 2ಇ ಆದ್ರೆ ಮುಖ್ಯವಾಗಿ ಹಂದಿಗಳ ಕಾಯಿಲೆಗೆ ಕಾರಣ. ರೂಪಾಂತರ ಅನ್ನೋ ಪದ ಎಲ್ಲಾದ್ರೂ ಬಳಸ್ಲೇಬೇಕು ಅಂದ್ರೆ ಇಲ್ಲಿ ಬಳಸಬಹುದೇನೋ, ಅದಕ್ಕಿಂತ ಮೇಲಿನ ಮಟ್ಟಕ್ಕಂತೂ ಬೇಡ.

ಮೈಕ್ರೋಬಯಾಲಜಿ ಕನ್ನಡದಲ್ಲಿ ಪಾಠ ಮಾಡೋರು, ಲ್ಯಾಬ್‌ನಲ್ಲಿ ಕೆಲಸ ಮಾಡೋರು ಯಾರಾದ್ರೂ ಇದ್ರೆ ಹೇಳಿ, ಸಬ್‌ಟೈಪ್‌ಗೆ ನೀವು ಬಾಯಲ್ಲಿ ಏನಂತೀರಿ? ಉಪವಿಧ ಅಂತ ಒಂದೆರಡು ಕಡೆ ನೋಡಿದೀನಿ, ನಂಗ್ಯಾಕೋ ಒಳಬಗೆಯಷ್ಟು ಹಗುರ ಅನ್ನಿಸ್ಲಿಲ್ಲ. ಇನ್ನೊಂದು, ಎ1 ಒಳಬಗೆ ಅಂತ ಬರೆದ್ರೆ ಅದು ಎ ಬಗೆಗೆ ಸೇರಿದ್ದು ಅಂತ ಓದೋರಿಗೆ ತಾನಾಗೇ ಹೊಳೆಯತ್ತಾ, ಅಥವಾ ಮೊದಲ ಸಲ ಬಂದಾಗ ಬಿಡಿಸಿ ಹೇಳ್ಬೇಕಾ?